ರೆಂಬಾವಿನ ಮನೆಯ ಒಡತಿ

ಮಲಯ್ ನಾಡಿನಲ್ಲಿ ರಿಂಗಿಟ್ ಬೆಲೆ ಬಿದ್ದು ಜನರ ಕೈಯಲ್ಲಿ ಕಾಸಿಲ್ಲದ ವರ್ಷವಿದು. ರೆಂಬಾವು ಊರಿನ ಈ ಹಳೆಯ ಮಲಯ್ ಮನೆಯ ಕೆತ್ತನೆ ಕಿಟಕಿ ಅಗ್ಗಕ್ಕೆ ಸಿಕ್ಕೀತು, ರಾಜಧಾನಿಯ ಬ್ರಿಕ್‌ಫೀಲ್ಡ್ಸ್‌ನ ನನ್ನ ಸೀರೆ ಅಂಗಡಿಗೆ ಒಪ್ಪುತ್ತದೆ ಎಂದುಕೊಂಡೆ. ಮನೆ ನೋಡಲು ಬಂದ ನನಗೂ ಗಂಡನಿಗೂ ಅಂಗಳದಲ್ಲಿ ಕಾಫಿ ಕೊಟ್ಟ ಅಜ್ಜಿಗೆ, ಮಕ್ಚಿಕ್ ಅಂದರೆ ಚಿಕ್ಕಮ್ಮ ಎಂದು ಕರೆದು, ಮೊದಲು ಬುದ್ಧಿ ಹೇಳಿದೆ. "ಮನೆ ಪುಕ್ಕಟೆ ಯಾಕೆ ತೋರಿಸ್ತೀರಿ ಮಕ್ಚಿಕ್? ಟಿಕೆಟ್ ಇಡಿ." ಆಮೇಲೆ ಕಿಟಕಿ ಮಾರ್ತೀರಾ ಎಂದು ಕೇಳಿದೆ.

ಅಜ್ಜಿ ನಕ್ಕರು. "ಮಾರೋಕೆ ನನ್ನದಲ್ಲಮ್ಮ. ನಮ್ಮಲ್ಲಿ ಮನೆ ಹೆಣ್ಮಕ್ಕಳಿಗೇ ಹೋಗೋದು. ಮುಂದಿನ ಒಡತಿ ಅಲ್ಲಿದ್ದಾಳೆ, ಅವಳನ್ನೇ ಕೇಳಿ."

ಮನೆಯ ಎತ್ತರದ ಮೆಟ್ಟಿಲ ಮೇಲ್ತುದಿಯಲ್ಲಿ ಪುಟ್ಟ ಮೊಮ್ಮಗಳು ರಂಬುತಾನ್ ಹಣ್ಣು ಸುಲಿಯುತ್ತಿದ್ದಳು.

"ಹೋಗು ಮಾರಾಯ್ತಿ, ಚೌಕಾಸಿ ಮಾಡು," ಎಂದು ನನ್ನ ಗಂಡ ಕಿಚಾಯಿಸಿದರು.

ನನಗೆ ನಗು ಬರಲಿಲ್ಲ. ಮೈಸೂರಿನಲ್ಲಿ ಅಪ್ಪನ ಮನೆ ಪಾಲಾದಾಗ ಅಣ್ಣಂದಿರು ನನ್ನಿಂದ ಸಹಿ ಹಾಕಿಸಿಕೊಂಡು, ಅರಿಶಿನ ಕುಂಕುಮದ ಜೊತೆ ಒಂದು ಸೀರೆ ಕೊಟ್ಟು ಕಳಿಸಿದ್ದರು. ಇವಳಿಗೋ, ಹೆಣ್ಣಾಗಿ ಹುಟ್ಟಿದ್ದಕ್ಕೇ ಇಷ್ಟು ದೊಡ್ಡ ಮನೆ!

ಚಪ್ಪಲಿಯನ್ನು ನಮ್ಮ ಕಡೆಯಂತೆ ಬಾಗಿಲಲ್ಲಿ ಬಿಟ್ಟರಾಯಿತೆಂದು ಮೆಟ್ಟಿಲು ಹತ್ತಿದೆ. ಹುಡುಗಿ ಸಿಪ್ಪೆ ಹಿಡಿದ ಕೈಯನ್ನು ಅಡ್ಡ ಚಾಚಿದಳು.

"ನನ್ನ ಮನೆ. ಚಪ್ಪಲಿ ಕೆಳಗೆ."

ಅಷ್ಟು ಸಲೀಸಾಗಿ ನಾನು 'ನನ್ನ ಮನೆ' ಎಂಬ ಮಾತನ್ನು ಎಲ್ಲಿಯೂ ಆಡಿದವಳಲ್ಲ. ಇಳಿದು ಚಪ್ಪಲಿ ಬಿಟ್ಟು ಬಂದೆ. ಕಿಟಕಿಯ ಬೆಲೆ ಕೇಳುವುದನ್ನು ಬಿಟ್ಟು, "ಈಗ ಒಳಗೆ ಬರಲೇ?" ಎಂದು ಅವಳನ್ನೇ ಕೇಳಿದೆ.