ಇಳಕಲ್ ಸೀರೆ ಉಟ್ಟು ಬಂದ ದಿನ

ಜನ ಮಾಸ್ಕ್ ಕಳಚಿ ಮತ್ತೆ ಆಸ್ಪತ್ರೆಗಳತ್ತ ಮುಖ ಮಾಡಿದ ವರ್ಷ. ಆಗ ನಾನು ನರವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಜಯನಗರದ ಆಸ್ಪತ್ರೆಯೊಂದರಲ್ಲಿ ನನಗೊಂದು ಪುಟ್ಟ ಕೋಣೆ, ಒಂದು ಕಂಪ್ಯೂಟರ್, ಸದಾ ಗೊಣಗುವ ಒಂದು ಫ್ಯಾನ್ ಕೊಟ್ಟಿದ್ದರು. ಅಲ್ಝೈಮರ್ಸ್ ಕಾಯಿಲೆಯವರು ಮುಖಗಳನ್ನು ಹೇಗೆ ಗುರುತಿಸುತ್ತಾರೆ ಎಂಬುದು ನನ್ನ ವಿಷಯ. ನೆಂಟರೆಲ್ಲ ಡಾಕ್ಟರಮ್ಮ ಎಂದು ಕರೆದು ಮಂಡಿನೋವಿಗೆ ಮಾತ್ರೆ ಕೇಳುತ್ತಿದ್ದರು. ನಾನು ಆ ಡಾಕ್ಟರ್ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿತ್ತು.

ನೀಲವ್ವನವರಿಗೂ ಅದನ್ನೇ ಹೇಳಬೇಕಾಯಿತು. ಅವರ ಗಂಡ ಶಿವಬಸಪ್ಪನವರು ಬಾಗಲಕೋಟೆ ಕಡೆಯವರು, ಜೀವನವಿಡೀ ಸೀರೆ ಅಂಗಡಿ ನಡೆಸಿದವರು. ಅವರಿಗೆ ಈ ಮರೆವಿನ ಕಾಯಿಲೆ ಹೆಚ್ಚಾದ ಮೇಲೆ ಗಂಡ ಹೆಂಡತಿ ಇಬ್ಬರೂ ಬಿಟಿಎಂ ಲೇಔಟ್‌ನಲ್ಲಿದ್ದ ಮಗಳ ಬಾಡಿಗೆ ಮನೆಗೆ ಬಂದಿದ್ದರು.

"ಇದು ಸಂಶೋಧನೆ ಅಮ್ಮ, ಟ್ರೀಟ್‌ಮೆಂಟ್ ಅಲ್ಲ. ಇದ್ರಿಂದ ಅವರಿಗೆ ವಾಸಿ ಆಗಲ್ಲ," ಎಂದೆ.

"ವಾಸಿ ಆಗದಿದ್ರ ಬಿಡ್ರಿ. ಒಮ್ಮೆ ನನ್ನ ಗುರುತ ಹಿಡದು ಮಾತಾಡಿಸಿದ್ರ ಸಾಕು," ಎಂದರು.

ಪರೀಕ್ಷೆ ಸರಳವಾದದ್ದು. ಪ್ರತಿ ತಿಂಗಳು ಪರದೆಯ ಮೇಲೆ ಮನೆಯವರ ಫೋಟೋಗಳು ಬರುತ್ತವೆ, ಯಾರೆಂದು ಹೇಳಬೇಕು. ಅವುಗಳಲ್ಲಿ ನೀಲವ್ವ ಹೊಸ ಮದುವಣಗಿತ್ತಿಯಾಗಿದ್ದಾಗ ಸ್ಟುಡಿಯೋದಲ್ಲಿ ತೆಗೆಸಿದ ಬಣ್ಣದ ಫೋಟೋ ಒಂದಿತ್ತು: ಉದ್ದ ಜಡೆ, ಕೆಂಪು ಸೆರಗಿನ ಇಳಕಲ್ ಸೀರೆ. ಅದು ಕಂಡೊಡನೆ ಶಿವಬಸಪ್ಪನವರ ಮುಖ ಅರಳುತ್ತಿತ್ತು. "ನಮ್ಮಾಕಿ!" ಎನ್ನುತ್ತಿದ್ದರು. ಆಮೇಲೆ ಪಕ್ಕದಲ್ಲಿ ಕುಳಿತ ಹೆಂಡತಿಯನ್ನು ತೋರಿಸಿ ಯಾರೆಂದು ಕೇಳಿದರೆ, "ಯಾರೋ ಅಕ್ಕಾರು. ಛಲೋ ಮಂದಿ."

ಈ ಕಾಯಿಲೆ ಮೊದಲು ಹೊಸ ನೆನಪುಗಳನ್ನು ಅಳಿಸುತ್ತದೆ, ಹಳೆಯವು ಬಹಳ ಕಾಲ ಉಳಿಯುತ್ತವೆ. ಅವರ ಮಿದುಳಿನಲ್ಲಿ ಉಳಿದಿದ್ದ ಹೆಂಡತಿಗೆ ಇನ್ನೂ ಎಳೆಯ ವಯಸ್ಸು. ನೆರೆಗೂದಲಿನ ಈ ಹೆಂಗಸಿಗೂ ಅವಳಿಗೂ ತಾಳೆಯೇ ಆಗುತ್ತಿರಲಿಲ್ಲ. ಇಷ್ಟನ್ನು ನೀಲವ್ವನವರಿಗೆ ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿಸಿಕೊಂಡರು.

ಮುಂದಿನ ತಿಂಗಳು ಅವರು ಬಾಗಿಲಲ್ಲಿ ನಿಂತಾಗ ನನಗೇ ಗುರುತು ಸಿಗಲಿಲ್ಲ. ಕೂದಲಿಗೆ ಕಪ್ಪು ಬಣ್ಣ, ಚೌರಿ ಸೇರಿಸಿ ಹೆಣೆದ ಜಡೆ, ಮೈಮೇಲೆ ಫೋಟೋದ ಅದೇ ಇಳಕಲ್ ಸೀರೆ. ನನಗೆ ರೇಗಿಹೋಯಿತು. ಪ್ರತಿ ಸಲವೂ ಎಲ್ಲ ಒಂದೇ ತೆರನಾಗಿರಬೇಕು ಎಂಬುದು ನಮ್ಮ ನಿಯಮ.

"ಹೀಗೆ ಬಂದ್ರೆ ನನ್ನ ಡೇಟಾ ಹಾಳಾಗುತ್ತೆ ಅಮ್ಮ!"

"ನಿನ್ನ ಡೇಟಾ ಮುಂದಿನ ತಿಂಗಳ ಸಿಗತೈತಿ ತಗೋ," ಎಂದು ನಕ್ಕು, ಮಗಳು ಮೊದಲೇ ಕರೆತಂದು ಕೂರಿಸಿದ್ದ ಗಂಡನ ಎದುರು ಕುಳಿತರು.

ಶಿವಬಸಪ್ಪನವರು ಬಗ್ಗಿ, ಅಂಗಡಿಯಲ್ಲಿ ನೋಡುವಂತೆ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಸವರಿದರು. ಮುಖ ಅರಳಿತು. ನೀಲವ್ವ ಸೆರಗನ್ನು ಇನ್ನಷ್ಟು ಮುಂದೆ ಚಾಚಿದರು. ಡೇಟಾ ಮನೆ ಹಾಳಾಗಲಿ, ಒಂದೇ ಒಂದು ಸಲ ಗುರುತಿಸಲಿ ದೇವರೇ ಎಂದು ನಾನೂ ಬೇಡಿಕೊಂಡೆ.

"ಅಕ್ಕಾರ, ಇದು ನಮ್ಮಾಕಿ ಸೀರಿ," ಎಂದರು ಅವರು. "ನಾನ ಆರಿಸಿ ಕೊಟ್ಟದ್ದು. ನೀವ್ಯಾಕ ಉಟ್ಟೀರಿ? ಕಳದಿಡ್ರಿ. ಅಕಿ ಬಂದು ನೋಡಿದ್ರ ನೊಂದ್ಕೋತಾಳ."

ನೀಲವ್ವ ಸೆರಗನ್ನು ಅವರ ಬೆರಳಿನಿಂದ ಮೆಲ್ಲಗೆ ಬಿಡಿಸಿಕೊಂಡರು. "ತಪ್ಪಾತ್ರಿ. ಮಡಚಿ ಇಡ್ತೀನಿ," ಎಂದರು. ನಾನು ಪರದೆಯತ್ತ ತಿರುಗಿ ಅತ್ತುಬಿಟ್ಟೆ. ಪರೀಕ್ಷೆ ಮುಂದುವರಿಸಲು ಆಗಲಿಲ್ಲ.

ಹೊರಡುವ ಮುನ್ನ ಎಂದಿನಂತೆ ಟೀ, ಬಿಸ್ಕತ್ತು ತರಿಸಿದೆ. ಶಿವಬಸಪ್ಪನವರು ಒಂದು ಬಿಸ್ಕತ್ತು ತಿಂದು, ಇನ್ನೊಂದನ್ನು ಕರವಸ್ತ್ರದಲ್ಲಿ ಸುತ್ತಿ ನೀಲವ್ವನ ಕೈಗಿಟ್ಟರು.

"ಅಕ್ಕಾರ, ನಮ್ಮಾಕಿ ಬಂದ್ರ ಇದನ್ನ ಕೊಡ್ರಿ. ಅಕಿ ಏನೂ ತಿಂದಿರೂದಿಲ್ಲ."

"ಕೊಡ್ತೀನ್ರಿ," ಎಂದರು ನೀಲವ್ವ. ಬೆಳಗಿನಿಂದ ಜಡೆ, ಸೀರೆ ಎಂಬ ಸಡಗರದಲ್ಲಿ ಅವರು ನಿಜವಾಗಿಯೂ ಏನೂ ತಿಂದಿರಲಿಲ್ಲ.

ಪತ್ನಿಯನ್ನು ಗುರುತಿಸಲಿಲ್ಲ ಎಂದು ಥೀಸಿಸ್‌ನಲ್ಲಿ ಬರೆದೆ. ಅದು ನಿಜವೇ. ಈಗ ನನ್ನ ಕೈಕೆಳಗೆ ಕಲಿಯುವ ಹುಡುಗಿಯರು ಇಂಥ ಕಡೆ "ಪತ್ನಿಯನ್ನು ಮರೆತಿದ್ದಾರೆ" ಎಂದು ಬರೆದು ತಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ, ಅಡ್ಡಗೆರೆ ಎಳೆದು ವಾಪಸ್ಸು ಕೊಡುತ್ತೇನೆ. ಮರೆತವರು ಬಿಸ್ಕತ್ತು ಎತ್ತಿಡುವುದಿಲ್ಲ.