ಚುಕ್ಕಿಯ ಮರಿ

ದುರುಗಮ್ಮನಿಗೆ ಹೆದರಿಕೆಯೇ ಗೊತ್ತಿಲ್ಲ ಎಂದು ಅವಳ ಬಳಗದವರು ಹೇಳುತ್ತಿದ್ದರು. ಅದರಲ್ಲಿ ಅರ್ಧ ಸುಳ್ಳು. ಹಲ್ಲಿ ಕಂಡರೆ ಚೀರಿಕೊಂಡು ಮಾರು ದೂರ ಹಾರುತ್ತಿದ್ದಳು. ಆದರೆ ತೋಳ, ಹಾವು, ಕುರಿಕಳ್ಳರು, ಕೊನೆಗೆ ಅವಳ ಮಾವ, ಇವರ್ಯಾರೂ ಅವಳನ್ನು ನಡುಗಿಸಿದ್ದಿಲ್ಲ. ದೇವದುರ್ಗದ ಕಡೆಯ ಕುರುಬರ ಮನೆಯಲ್ಲಿ ಹುಟ್ಟಿ, ಕಾಲು ಬಂದ ದಿನದಿಂದ ಕುರಿಗಳ ಹಿಂದೆ ನಡೆದವಳು. ಗಂಡ ತೀರಿಕೊಂಡಾಗ ಹಿಂಡು ಮಾರಿಬಿಡು ಎಂದವರಿಗೆ ಬಾಯಿಗೆ ಬಂದಂತೆ ಬೈದು, ಮಗ ನಿಂಗರಾಜನನ್ನು ಬೆನ್ನಿಗೆ ಕಟ್ಟಿಕೊಂಡು ಅದೇ ದಾರಿ ಹಿಡಿದಳು. ರೋಗಕ್ಕೆ, ತೋಳಕ್ಕೆ ಎಷ್ಟೋ ಮರಿಗಳನ್ನು ಕಳೆದುಕೊಂಡಿದ್ದಳು. ಆದರೆ ತಾನಾಗಿ ಒಂದು ಮರಿಯನ್ನೂ ಯಾವ ಪ್ರಾಣಿಯ ಬಾಯಿಗೂ ಬಿಟ್ಟುಕೊಟ್ಟವಳಲ್ಲ. ಅದೊಂದು ಜಂಬ ಅವಳಿಗಿತ್ತು, ಇರಲಿ ಬಿಡಿ.

ಈ ಸಲ ಭತ್ತದ ಕೊಯ್ಲು ಮುಗಿದ ಮೇಲೆ ಹಿಂಡು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ಹತ್ತಿರ, ಪ್ರಭುರಾಜ ಎಂಬ ರೈತನ ಹೊಲದಲ್ಲಿ ಇಳಿದಿತ್ತು. ರಾತ್ರಿ ಕುರಿ ಮಲಗಿದ ಹೊಲಕ್ಕೆ ಬೇರೆ ಗೊಬ್ಬರ ಬೇಕಿಲ್ಲ. ಅದಕ್ಕೇ ರೈತರು ಕರೆದು ನಿಲ್ಲಿಸಿಕೊಳ್ಳುತ್ತಾರೆ. ಬೆಳಗಾದರೆ ನಿಂಗರಾಜ ಮತ್ತು ಅವನ ಹೆಂಡತಿ ಭಾಗ್ಯಜ್ಯೋತಿ ಕುರಿ ಹೊಡೆದುಕೊಂಡು ಹೋಗುವರು, ನಾಯಿಗಳೂ ಅವರ ಹಿಂದೆ. ಹಟ್ಟಿಯಲ್ಲಿ ಉಳಿಯುವುದು ದುರುಗಮ್ಮ, ಹಿಂಡಿನ ಜೊತೆ ನಡೆಯಲಾರದ ಎಳೆ ಮರಿಗಳು, ಅಂಬೆಗಾಲಿಡುವ ಮೊಮ್ಮಗಳು ದೇವಿಕಾ.

ಎಳೆ ಮರಿಗಳ ಮೇಲೆ ದೊಡ್ಡ ಬಿದಿರಿನ ಬುಟ್ಟಿ ಬೋರಲು ಹಾಕಿ, ಮೇಲೊಂದು ಕಲ್ಲು ಹೇರುವುದು ಕುರಿಯವರ ಪದ್ಧತಿ. ನೀರಿಗೆ ಹೋಗುವಾಗ ದುರುಗಮ್ಮ ಮೊಮ್ಮಗಳನ್ನೂ ಅದೇ ಬುಟ್ಟಿಯೊಳಗೆ ಮರಿಗಳ ಜೊತೆ ಕೂರಿಸಿ ಮುಚ್ಚುತ್ತಿದ್ದಳು. ಹೊರಗೆ ಬಿಟ್ಟರೆ ಕೂಸು ಒಲೆಯ ಕಡೆಗೋ ಕಾಲುವೆಯ ಕಡೆಗೋ ಹರಿದು ಹೋಗುವುದು.

"ಅತ್ತೀ, ನನ್ನ ಮಗಳೇನು ಕುರಿಮರಿ ಏನ್ರಿ? ಬುಟ್ಟ್ಯಾಗ ಮುಚ್ಚಬ್ಯಾಡ್ರಿ" ಎಂದು ಭಾಗ್ಯಜ್ಯೋತಿ ಹೇಳಿ ಹೇಳಿ ಸಾಕಾಗಿದ್ದಳು.

"ನಿನ್ನ ಗಂಡನ್ನೂ ಹಿಂಗ ಮುಚ್ಚಿ ಬೆಳಿಸೀನಿ. ಏನ್ ಕಡಿಮಿ ಆಗ್ಯಾನ?"

"ಅದಕ್ಕ ಹೇಳಾಕತ್ತೀನ್ರಿ" ಎಂದು ಸೊಸೆ ನಕ್ಕಿದ್ದಳು.

ಒಂದು ಸಂಜೆ ಪ್ರಭುರಾಜ ಬೈಕಿನಲ್ಲಿ ಬಂದು ಮೊಬೈಲಿನಲ್ಲೊಂದು ವಿಡಿಯೊ ತೋರಿಸಿದ. "ದುರುಗವ್ವಾ, ಹುಷಾರ್ ಇರು. ತರಕರಡಿ ತಿರಗಾಡಾಕತ್ತದ. ನೆಲ ತೋಡಿ ಒಳಗ ಹೋಗಿ ನಮ್ಮ ಕೋಳಿ ಎಲ್ಲಾ ತಿಂದದ. ಬಡದ್ರೂ ಅಂಜಂಗಿಲ್ಲ ಅದು."

ದುರುಗಮ್ಮ ವಿಡಿಯೊ ನೋಡಿ ಮೂಗು ಮುರಿದಳು. "ಕರಡಿ ಅಂತ ಹೆಸರಿಟ್ಟೀರಿ, ನಮ್ಮ ನಾಯಿ ಅಷ್ಟೂ ಇಲ್ಲ. ಇದಕ್ಕ ಹೆದರತಾರೇನ್ ಯಪ್ಪಾ?"

ಮರುದಿನ ಮೋಡ ಮುಸುಕಿತ್ತು. ಹಿಂಡು ಹೋದ ಮೇಲೆ ದುರುಗಮ್ಮ ಬುಟ್ಟಿ ಮುಚ್ಚಿ, ಕಲ್ಲು ಹೇರಿ, ಕೊಡ ಹಿಡಿದು ಕಾಲುವೆಗೆ ನಡೆದಳು. ಬುಟ್ಟಿಯೊಳಗೆ ಮೂರು ಮರಿ, ಒಂದು ಕೂಸು. ಮೂರರಲ್ಲಿ ಒಂದು ಚುಕ್ಕಿಯದು. ಚುಕ್ಕಿ ಹಿಂಡಿನ ಮುದಿ ಕುರಿ, ಹಿಂದಿನ ಎರಡು ಸೂಲಿನ ಮರಿಗಳೂ ಹುಟ್ಟುತ್ತಲೇ ಸತ್ತಿದ್ದವು. ಈ ಕರಿಗಿವಿಯ ಮರಿ ಮಾತ್ರ ಎದ್ದು ನಿಂತು ಹಾಲು ಕುಡಿದಿತ್ತು. ದೇವಿಕಾಳಿಗೂ ಅದೇ ಬೇಕು, ಅದರ ಕಿವಿ ಹಿಡಿದುಕೊಂಡೇ ಕೂರುವಳು.

ಕೊಡ ಹೊತ್ತು ಏರಿ ಹತ್ತಿ ಬಂದವಳಿಗೆ ಬುಟ್ಟಿಯ ಪಕ್ಕದಲ್ಲಿ ಮಣ್ಣು ಚಿಮ್ಮುವುದು ಕಂಡಿತು. ನಾಯಿ ತಿರುಗಿ ಬಂತೇನೋ ಎಂದುಕೊಂಡಳು. ಆದರೆ ನಾಯಿಗೆ ಬಿಳಿ ಬೆನ್ನು ಇರಲಿಲ್ಲ. ಮೈಯೆಲ್ಲ ಕಪ್ಪು, ಬೆನ್ನ ಮೇಲೆ ಮಾತ್ರ ಬೂದುಬಿಳಿ ಕಂಬಳಿ ಹೊದಿಸಿದಂತೆ. ಉದ್ದುದ್ದ ಉಗುರಿನ ಮುಂಗಾಲುಗಳಿಂದ ಅದು ಬುಟ್ಟಿಯ ಅಂಚಿನ ಕೆಳಗೆ ತೋಡುತ್ತಿತ್ತು.

ಕೊಡ ಎಲ್ಲಿ ಬಿತ್ತೋ ಅವಳಿಗೆ ಗೊತ್ತಿಲ್ಲ. ಬಡಿಗೆ ಎತ್ತಿಕೊಂಡು ಓಡಿದವಳೇ ಅದರ ಬೆನ್ನಿಗೆ ಬೀಸಿದಳು. ಏಟು ಸಡಿಲ ಚರ್ಮದ ಮೇಲೆ ಜಾರಿತು, ಪ್ರಾಣಿ ತಿರುಗಿಯೂ ನೋಡಲಿಲ್ಲ. ಇನ್ನೊಂದು ಏಟಿಗೆ ತಿರುಗಿತು. ಹಲ್ಲು ಕಿರಿದು, ಗೊರಗುಟ್ಟುತ್ತಾ ಅವಳ ಕಾಲಿಗೇ ನುಗ್ಗಿ ಬಡಿಗೆ ಕಚ್ಚಿ ಕಿತ್ತುಕೊಂಡಿತು. ಅದರ ಮೈಯಿಂದ ಎದ್ದ ನಾತಕ್ಕೆ ಅವಳಿಗೆ ಉಸಿರು ಕಟ್ಟಿತು. ಅವಳು ಹಿಂದೆ ಸರಿದದ್ದೇ ತಡ, ಅದು ಮತ್ತೆ ತೋಡಲು ಹೋಯಿತು. ಹೆಗಲ ಕಂಬಳಿ ಎಸೆದಳು. ಅದನ್ನು ಕೊಡವಿ ಎಸೆದು ತೋಡುವುದನ್ನು ಮುಂದುವರಿಸಿತು.

"ನಿಂಗ್ಯಾ! ಯಾರರ ಬರ್ರಿ!" ಎಂದು ಕೂಗಿದಳು. ಬಯಲು ಸುಮ್ಮನಿತ್ತು. ಬುಟ್ಟಿಯೊಳಗೆ ಮರಿಗಳು ಅರಚುತ್ತಿದ್ದವು. ಕೂಸಿನ ದನಿ ಮಾತ್ರ ಇಲ್ಲ. ಆಗ ದುರುಗಮ್ಮನಿಗೆ ಹೆದರಿಕೆ ಏನೆಂದು ತಿಳಿಯಿತು.

ಬುಟ್ಟಿಯನ್ನು ಪೂರಾ ಎತ್ತಿದರೆ ಪ್ರಾಣಿ ನೇರ ಕೂಸಿನ ಮೇಲೆ ಬೀಳುವುದು. ಅವಳು ಆಚೆ ಬದಿಗೆ ಹೋಗಿ ಮೊಣಕಾಲೂರಿ, ಅಂಚನ್ನು ಗೇಣಷ್ಟು ಎತ್ತಿ ಕೈ ತೂರಿಸಿದಳು. ಕೂಸಿನ ತೋಳು ಸಿಕ್ಕಿತು. ಬೆಚ್ಚಗಿತ್ತು, ನಡುಗುತ್ತಿತ್ತು. ಎಳೆದರೆ ಬರಲೊಲ್ಲದು, ಕೂಸು ಮರಿಯ ಕಿವಿಯನ್ನು ಬಿಗಿಯಾಗಿ ಹಿಡಿದು ಕೂತಿತ್ತು. ಅಷ್ಟರಲ್ಲಿ ಎದುರು ಬದಿಯಿಂದ ಕರಿ ಮೂತಿ ಒಳಗೆ ತೂರಿ ಬಂದದ್ದು ಬಿದಿರಿನ ಸಂದಿನಲ್ಲಿ ಕಂಡಿತು.

"ಯಪ್ಪಾ ಬೀರಪ್ಪಾ, ತಪ್ಪಾತು" ಎಂದಳು. ಕೂಸಿನ ಬೆರಳು ಬಿಡಿಸಿ, ಮರಿಯನ್ನು ಹೊರಗೆಳೆದು, ಬುಟ್ಟಿಯ ಮೇಲಿಂದ ಆ ಪ್ರಾಣಿಯ ಮುಂದಕ್ಕೇ ಎಸೆದಳು.

ಮರಿ ಒಂದೇ ಒಂದು ಸಲ ಕೂಗಿತು. ತರಕರಡಿ ಅದನ್ನು ಕಚ್ಚಿಕೊಂಡು ಜಾಲಿಗಿಡಗಳ ಕಡೆ ದುಡುದುಡು ನಡೆದು ಹೋಯಿತು, ಓಡಲೂ ಇಲ್ಲ. ದುರುಗಮ್ಮ ಬುಟ್ಟಿ ಉರುಳಿಸಿ ಕೂಸನ್ನು ಎದೆಗೆ ಅವುಚಿಕೊಂಡಳು. ತಲೆ ತುಂಬ ಮಣ್ಣು, ಮೈಮೇಲೆ ಒಂದು ಗೀರೂ ಇಲ್ಲ. ಆಮೇಲೆ ಕೂಸು ಅಳಲು ಶುರು ಮಾಡಿತು. ಅಜ್ಜಿಯೂ ಅತ್ತಳು.

ಸಂಜೆ ಹಿಂಡು ಬಂದಾಗ ಅವಳು ಏನನ್ನೂ ಮುಚ್ಚಿಡಲಿಲ್ಲ. ಭಾಗ್ಯಜ್ಯೋತಿ ಬೈಯಲಿಲ್ಲ, ಮಗಳನ್ನು ಕಸಿದುಕೊಂಡು ದೂರ ಹೋಗಿ ಬೆನ್ನು ಹಾಕಿ ಕುಳಿತಳು. ಬೈದಿದ್ದರೆ ಚೆನ್ನಾಗಿತ್ತು.

ಹಿಂಡು ಬಂದ ಕೂಡಲೇ ಮರಿಗಳನ್ನು ಅವುಗಳ ತಾಯಂದಿರಿಗೆ ಬಿಡುವುದು ದುರುಗಮ್ಮನ ಕೆಲಸ. ಎರಡು ಮರಿಗಳನ್ನು ಬಿಟ್ಟಳು. ಚುಕ್ಕಿ ಬುಟ್ಟಿಯ ಸುತ್ತ ಸುತ್ತಿ, ತೋಡಿದ ಮಣ್ಣು ಮೂಸಿ ಕೂಗುತ್ತಿತ್ತು. ಅದರ ಕೆಚ್ಚಲು ಹಾಲು ತುಂಬಿ ಬಿಗಿದಿತ್ತು; ಹಿಂಡದೆ ಬಿಟ್ಟರೆ ಬಾತುಬಿಡುತ್ತದೆ.

"ನಾ ಹಿಂಡತೀನಿ ಬಿಡವ್ವಾ" ಎಂದ ನಿಂಗರಾಜ.

"ಬ್ಯಾಡ. ಕೊಟ್ಟಾಕಿ ನಾನು."

ಅವಳು ತಂಬಿಗೆ ಹಿಡಿದು ಚುಕ್ಕಿಯ ಪಕ್ಕ ಕುಳಿತಳು. ಹಾಯುತ್ತದೆ, ಒದೆಯುತ್ತದೆ ಎಂದುಕೊಂಡಿದ್ದಳು. ಹಾಯಲಿ, ಒದೆಯಲಿ ಎಂದೇ ಇದ್ದಳು. ಚುಕ್ಕಿ ಮೂತಿ ಚಾಚಿ ಅವಳ ಕೈ ಮೂಸಿತು. ಬೆಳಗಿನಿಂದ ಆ ಕೈ ತೊಳೆದಿರಲಿಲ್ಲ, ಮರಿಯ ವಾಸನೆ ಇನ್ನೂ ಇತ್ತು. ಕುರಿಯ ಕೂಗು ನಿಂತಿತು. ಅದು ಅವಳ ಅಂಗೈಯನ್ನು ಮರಿಯ ಮೈ ನೆಕ್ಕುವ ಹಾಗೆ ನೆಕ್ಕುತ್ತಾ ನಿಂತು, ತೊರೆಬಿಟ್ಟು ಹಾಲು ಇಳಿಸಿತು.