ಚಿಕ್ಕವ್ವನ ನಾಯಿ ಮದ್ದು

ನಮ್ಮ ಚಿಕ್ಕವ್ವನ ಪೂರ್ತಿ ಹೆಸರು ಚಿಕ್ಕಲಕ್ಷ್ಮಮ್ಮ. ವಿರೂಪಾಕ್ಷಿಪುರದ ಸುತ್ತಮುತ್ತ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ‘ನಾಯಿ ಲಕ್ಷ್ಮಮ್ಮ’ ಎಂದರೆ ಬಸ್ಸಿನ ಕಂಡಕ್ಟರ್ ಕೂಡ ಇಳಿಯುವ ಜಾಗ ತೋರಿಸುತ್ತಾನೆ. ಅವಳು ನನ್ನ ತಾಯಿಯ ತಂಗಿ. ನಾನು ನಾಗರಾಜು, ಚನ್ನಪಟ್ಟಣದಲ್ಲಿ ದನ, ಕುರಿ, ನಾಯಿಗಳ ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ನಾನು ಮದ್ದು ಮಾರುವವನು, ಅವಳು ಬಿಟ್ಟಿ ಹಂಚುವವಳು. ನನಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ನಾಯಿ ಸಾಕುವವರದೊಂದು ವಾಟ್ಸಾಪ್ ಗ್ರೂಪ್ ಇದೆ. ಮಾಗಡಿಯವರು, ಕನಕಪುರದವರು, ಸೋಲೂರಿನವರು ಎಲ್ಲ ಸೇರಿಕೊಂಡಿದ್ದಾರೆ. ಚಿಕ್ಕವ್ವನಿಗೆ ಓದಲು ಬರುವುದಿಲ್ಲ. ಕನಕಪುರಕ್ಕೆ ಕೊಟ್ಟಿರುವ ಮಗಳು ಅಮೂಲ್ಯ ಫೋನು ಕೊಡಿಸಿ, ಮೈಕಿನ ಗುರುತು ಒತ್ತಿ ಮಾತಾಡುವುದನ್ನು ಕಲಿಸಿದಳು. ಅಷ್ಟೇ ಸಾಕಾಯಿತು. ಯಾರಾದರೂ ನಾಯಿಗೆ ಬೇದಿ ಎಂದು ಬರೆದರೆ, ಯಾರದೋ ಕೈಲಿ ಓದಿಸಿಕೊಂಡು ಶುರು ಮಾಡುತ್ತಿದ್ದಳು.

“ನೋಡಿ, ಒಂದಿನ ಏನೂ ಇಕ್ಬ್ಯಾಡಿ. ಆಮ್ಯಾಕೆ ಅನ್ನ ಮೆತ್ತುಗೆ ಬೇಯ್ಸಿ ಒಸಿ ಮೊಸ್ರು ಕಲ್ಸಿ ಇಕ್ಕಿ. ಹಾಲು ಗೀಲು ಉಯ್ದೀರಾ ಮತ್ತೆ! ಹಾಲು ನಿಮ್ಮತ್ತೆಗೆ ಉಯ್ರಿ, ನಾಯಿಗಲ್ಲ.”

ಕಜ್ಜಿಗೆ ಹೊಂಗೆ ಎಣ್ಣೆ, ಗಾಯಕ್ಕೆ ಅರಿಶಿನ, ಹೊಟ್ಟೆ ಉಬ್ಬರಕ್ಕೆ ಓಮದ ನೀರು. ಅರ್ಧ ನಾಯಿಗಳು ತಾವಾಗಿಯೇ ವಾಸಿಯಾಗುತ್ತಿದ್ದವು, ಹೆಸರು ಇವಳಿಗೆ ಬರುತ್ತಿತ್ತು. ನಾನು ಬೈದರೆ ನಗುತ್ತಿದ್ದಳು. “ನಿನ್ ಬಾಟ್ಲಿ ಖರ್ಚಾಗ್ಲಿಲ್ಲ ಅಂತ ಸಂಕಟ ಕಣ್ ಮಗ ನಿಂಗೆ” ಎನ್ನುತ್ತಿದ್ದಳು. ಅದು ನಿಜವೂ ಹೌದು. ಆದರೂ ಅವಳ ಮೇಲೆ ನನಗೆ ಪ್ರಾಣ. ತಾಯಿ ಸತ್ತ ಮೇಲೆ ನನ್ನನ್ನು ‘ಮಗ’ ಎನ್ನುವವಳು ಅವಳೊಬ್ಬಳೇ.

ಅವಳದು ರೇಷ್ಮೆ ಮನೆ. ರೇಷ್ಮೆ ಮನೆ ಎಂದರೆ ಹುಳು ಇರುವಷ್ಟು ದಿನ ಒಂದು ಥರ ಮಡಿ. ಹೊರಗಿನವರು ಗೇಟು ದಾಟುವಂತಿಲ್ಲ. ಮನೆಯಲ್ಲಿ ಒಗ್ಗರಣೆಯ ಘಾಟು ಏಳಕೂಡದು, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಕೂಡದು. ಕ್ರಿಮಿ ಸಾಯುವ ಔಷಧಿಯ ವಾಸನೆಯಂತೂ ಸುಳಿಯಲೇಕೂಡದು. ಬೆರಳಿಗಂಟಿದ ಒಂದು ಹನಿ ಹಿಪ್ಪುನೇರಳೆ ಸೊಪ್ಪಿಗೆ ತಗುಲಿದರೆ ತಟ್ಟೆಗಟ್ಟಲೆ ಹುಳು ವಾಂತಿ ಮಾಡಿಕೊಂಡು ಸಾಯುತ್ತದೆ. ನನ್ನ ಅಂಗಡಿಯ ತುಂಬ ಅಂಥವೇ. ಹಾಗಾಗಿ ಹುಳು ಇದ್ದಾಗ ನನಗೂ ಗೇಟಿನ ಹೊರಗೇ ಮಾತು. ಅವಳು ಹೊಂಗೆ ಎಣ್ಣೆ ಹಚ್ಚುತ್ತಿದ್ದುದೂ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಮಾತ್ರ.

ಹುಳುಮನೆಯ ಬಾಗಿಲಿಗೆ ಅಡ್ಡ ಮಲಗುತ್ತಿದ್ದವನು ಮಾದ. ಕಂದು ಬಣ್ಣದ ನಾಟಿ ನಾಯಿ, ಐದು ವರ್ಷ. ಅವನಿದ್ದರೆ ಇಲಿ ಸುಳಿಯುತ್ತಿರಲಿಲ್ಲ. ಚಿಕ್ಕವ್ವನ ಕೈಯಿಂದ ಬಿಟ್ಟು ಬೇರೆಯವರ ಕೈಯಲ್ಲಿ ಏನನ್ನೂ ತಿನ್ನುತ್ತಿರಲಿಲ್ಲ. ಅವಳು ಒಮ್ಮೆ ಮಗಳ ಬಾಣಂತನಕ್ಕೆ ಕನಕಪುರಕ್ಕೆ ಹೋದಾಗ ಮೂರು ದಿನ ಉಪವಾಸ ಬಿದ್ದಿದ್ದ. ಚಿಕ್ಕಪ್ಪ ಕೆಂಪಯ್ಯ ಮುದ್ದೆ ಹಿಡಿದುಕೊಂಡು ಗೋಗರೆದರೂ ತಿನ್ನಲಿಲ್ಲವಂತೆ.

ಹೋದ ಬೇಸಿಗೆಯಲ್ಲಿ ಮಾದನ ಮೈಗೆ ರಕ್ತ ಹೀರುವ ಉಣ್ಣೆ ಹತ್ತಿತು. ನಾನು ಉಣ್ಣೆ ಸಾಯಿಸುವ ಸ್ಪ್ರೇ ತೆಗೆದುಕೊಂಡು ಗೇಟಿನ ಹತ್ತಿರ ಹೋದೆ. ಚಿಕ್ಕವ್ವ ಅದನ್ನು ನೋಡಿ ಹಾವು ಕಂಡವಳ ಹಾಗೆ ಹಿಂದೆ ಸರಿದಳು.

“ಅಯ್ಯೋ, ಅದ್ನ ಯಾಕ್ಲಾ ತಂದೆ? ಹುಳ ಮೂರ್ನೇ ಜ್ವರ ಎದ್ದೈತೆ!”

ಹುಳು ಪೊರೆ ಬಿಡಲು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೂರು ಮುಗಿಯಿತು ಎಂದರೆ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟಿ ಹತ್ತುವುದಕ್ಕೆ ಇನ್ನು ಹದಿಮೂರು ದಿನ.

“ಅಲ್ಲೀಗಂಟ ಕೈಯಾಗೇ ಕೀಳ್ತೀನಿ ಬುಡು. ಉಪ್ಪುನೀರ್ಗೆ ಹಾಕುದ್ರೆ ಸಾಯ್ತವೆ. ಚಂದ್ರಿಕೆಗೆ ಬುಟ್ಟ ಮ್ಯಾಲೆ ನೀನೇ ಬಂದು ಹೊಡ್ಯೋವಂತೆ.”

“ಹಂಗಾರೆ ನಮ್ಮನೆಗೆ ಕರ್ಕೊಂಡೋಯ್ತೀನಿ ಕಳ್ಸು.”

“ನಿಮ್ಮನೇಲಿ ಉಪ್ವಾಸ ಸಾಯ್ತಾನೆ.”

ನಾನೂ ರೇಷ್ಮೆ ಮನೆಯಲ್ಲೇ ಹುಟ್ಟಿದವನು. ‘ಸರಿ’ ಎಂದೆ. ಬಾಟಲಿಯನ್ನು ವಾಪಸ್ ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡೆ. ಊರವರ ನಾಯಿಗಳ ಬಗ್ಗೆ ಬಡಿದುಕೊಳ್ಳುವ ಬಾಯಿ ನನ್ನದು, ಆವತ್ತು ಮುಚ್ಚಿಕೊಂಡಿತು. ಸೂಜಿಗೆ ವಾಸನೆಯಿಲ್ಲ, ಗೇಟಿನ ಹೊರಗೆ ಒಂದು ಇಂಜೆಕ್ಷನ್ ಹಾಕಿಸಬಹುದು ಎನ್ನುವುದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಒಂದು ವಾರ ಕಳೆಯಿತು. ಗ್ರೂಪಿನಲ್ಲಿ ಅವಳ ದನಿ ಬಂತು. ಮಾದನ ಮೂಗಿನಲ್ಲಿ ಒಂದೆರಡು ಹನಿ ರಕ್ತ ಕಂಡಿದೆಯಂತೆ, ಊಟ ಕಮ್ಮಿ ಮಾಡಿದ್ದಾನಂತೆ. “ಉಷ್ಣ ಆಗೈತೆ ಕಣ್ರಪ್ಪ. ಈ ಬಿಸ್ಲಲ್ಲಿ ಮನುಷ್ರಿಗೇ ತಡ್ಯಕ್ಕಾಗಲ್ಲ. ನೆತ್ತಿಗೆ ಹರಳೆಣ್ಣೆ ತಟ್ಟಿವ್ನಿ, ಸಬ್ಬಕ್ಕಿ ಗಂಜಿ ಕುಡ್ಸಿವ್ನಿ.” ಮಾಗಡಿಯವರೊಬ್ಬರು ಎಳನೀರು ಕೊಡಿ ಎಂದರು. ಇನ್ನೊಬ್ಬರು ಲಾವಂಚದ ನೀರು ಎಂದರು. ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದರು.

ನಮ್ಮಲ್ಲಿ ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಮೂಗಲ್ಲಿ ರಕ್ತ ಬಂದರೂ ಉಷ್ಣ. ಉಣ್ಣೆ ಹತ್ತಿದ ನಾಯಿಗೆ ಮೂಗಲ್ಲಿ ರಕ್ತ ಬಂದರೆ ಅದು ಉಷ್ಣವಲ್ಲ ಎಂದು ಎಷ್ಟು ಜನ ಗಿರಾಕಿಗಳಿಗೆ ನಾನು ಹೇಳಿದ್ದೇನೋ! ಅವತ್ತು ಅಂಗಡಿಯಲ್ಲಿ ಜನ ಇದ್ದರು. ಫೋನು ಕಿವಿಗೆ ಹಿಡಿದು ಅರ್ಧ ಕೇಳಿಸಿಕೊಂಡೆ, ಊಟ ಕಮ್ಮಿ ಎನ್ನುವವರೆಗೂ ಕೇಳಲೇ ಇಲ್ಲ. ಸಂಜೆ ಫೋನು ಮಾಡಿದರಾಯಿತು ಎಂದುಕೊಂಡೆ. ಸಂಜೆ ಮರೆತೆ. ಇದನ್ನು ಯಾವ ಬಾಯಲ್ಲಿ ಹೇಳಲಿ?

ಹುಳು ಹಣ್ಣಾಗಲು ಎರಡು ದಿನ ಇರುವಾಗ ಬೆಳಿಗ್ಗೆ ಚಿಕ್ಕಪ್ಪನ ಫೋನು ಬಂತು.

“ನಾಗ, ನಾಯಿ ಮ್ಯಾಕೇಳ್ತಿಲ್ಲ ಕಣ್ಲಾ. ಉಚ್ಚೆ ಕಾಪಿ ಬಣ್ಣಕ್ಕೆ ಬತ್ತೈತೆ.”

ಅಂಗಡಿಯ ಬಾಗಿಲು ಎಳೆದುಕೊಂಡು, ಪರಿಚಯದ ಪಶುವೈದ್ಯರು ಉದಯಶಂಕರ್ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಗೇಟಿನ ಹೊರಗೆ ಬದುವಿನ ಮೇಲೆ ಚಿಕ್ಕಪ್ಪ ಮಾದನನ್ನು ಗೋಣಿಚೀಲದ ಮೇಲೆ ಮಲಗಿಸಿದ್ದರು. ಡಾಕ್ಟರು ತುಟಿ ಎತ್ತಿ ನೋಡಿದರು. ವಸಡು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

“ಮೈಯಲ್ಲಿ ರಕ್ತಾನೇ ಇಲ್ಲ ನಾಗರಾಜು. ಉಣ್ಣೆ ಜ್ವರ. ಹತ್ತು ದಿನ ಮೊದ್ಲು ಕರೀಬೇಕಿತ್ತು” ಎಂದರು. ಆದರೂ ಇಂಜೆಕ್ಷನ್ ಕೊಟ್ಟು, ಬೇಲಿಯ ಗೂಟಕ್ಕೆ ಡ್ರಿಪ್ ನೇತುಹಾಕಿದರು.

ನಾನು ಮಾದನ ಕಿವಿ ಮಗುಚಿ ನೋಡಿದೆ. ಅವಳು ಕಿತ್ತಷ್ಟೂ ಹೊಸವು ಹತ್ತಿದ್ದವು. ಹರಳು ಬೀಜ ಜೋಡಿಸಿಟ್ಟ ಹಾಗೆ ರಕ್ತ ಕುಡಿದು ಊದಿ ಕೂತಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲೋ, ಹುಳುವಿನ ಮೇಲೋ, ನನ್ನ ಮೇಲೋ ಗೊತ್ತಿಲ್ಲ. ಡಿಕ್ಕಿಯಲ್ಲಿದ್ದ ಬಾಟಲಿ ತೆಗೆದು ತಲೆಯಿಂದ ಬಾಲದವರೆಗೆ ಮಾದನ ಮೈ ತೊಯ್ಯುವ ಹಾಗೆ ಹೊಡೆದೆ.

“ಈಗ ಯಾಕ್ರಿ ಅದು?” ಎಂದರು ಡಾಕ್ಟರು.

“ಇನ್ನೂ ಎಷ್ಟ್ ದಿನ ಕಾಯ್ಬೇಕು ಸಾರ್!” ಎಂದು ಅವರ ಮೇಲೇ ರೇಗಿದೆ.

ಅಷ್ಟರಲ್ಲಿ ಚಿಕ್ಕವ್ವ ತೋಟದ ಕಡೆಯಿಂದ ಸೊಪ್ಪಿನ ಹೊರೆ ಹೊತ್ತು ಓಡಿಬಂದಳು. ಔಷಧಿಯ ಘಾಟು ಮೂಗಿಗೆ ಬಡಿದದ್ದೇ ಹತ್ತು ಹೆಜ್ಜೆ ಆಚೆ ನಿಂತುಬಿಟ್ಟಳು. ನನ್ನ ಕೈಲಿದ್ದ ಬಾಟಲಿಯನ್ನು ನೋಡಿದಳು. ಕೊನೆಯ ದಿನಗಳಲ್ಲಿ ಹುಳು ಹೊತ್ತು ಹೊತ್ತಿಗೂ ಮೇಯುತ್ತದೆ, ಇವಳೇ ಒಳಗೆ ಹೋಗಿ ಸೊಪ್ಪು ಹಾಕಬೇಕು. ಮಾದನನ್ನು ಹಿಡಿದುಕೊಂಡಿದ್ದು ಔಷಧಿ ಮೈಗೆ ತಗುಲಿಸಿಕೊಂಡ ಚಿಕ್ಕಪ್ಪನೂ ಇನ್ನು ಒಳಗೆ ಹೋಗುವಂತಿರಲಿಲ್ಲ.

ಅವಳ ಹೆಜ್ಜೆಯ ಸದ್ದು ಕೇಳಿ ಮಾದ ತಲೆ ಎತ್ತಿದ. ಏಳಲು ಆಗಲಿಲ್ಲ. ಮುಂಗಾಲು ಊರಿ ಮೈ ಎಳೆದುಕೊಂಡು ಅವಳ ಕಡೆ ಹೊರಟ. ಡ್ರಿಪ್ಪಿನ ಸೂಜಿ ಕಳಚಿ ಬಿತ್ತು. ಅವನು ಎಳೆದುಕೊಂಡು ಬಂದಷ್ಟೂ ಅವಳು ಹಿಂದೆ ಹಿಂದೆ ಹೋದಳು.

“ಬರ್ಬ್ಯಾಡ ಕಣಪ್ಪ ಮಾದ. ಅಲ್ಲೇ ಇರು. ನನ್ನಪ್ಪಾ, ಅಲ್ಲೇ ಮನಿಕೊ.”

ಅವಳ ಮಾತು ಎಂದೂ ಮೀರಿದವನಲ್ಲ. ಅಲ್ಲೇ ಮಲಗಿದ. ಅವಳು ಹೊರೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಮಾತಾಡುತ್ತಿದ್ದಳು. ನೆಲಕ್ಕಿಟ್ಟರೆ ಸೊಪ್ಪಿಗೆ ಏನು ತಗುಲುವುದೋ ಎಂಬ ಭಯ. ಕಣ್ಣೀರು ಕೆನ್ನೆ ಮೇಲೆ ಇಳಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ. ಮಾದ ಅವಳನ್ನೇ ನೋಡುತ್ತ ಮಲಗಿದ್ದ. ಸ್ವಲ್ಪ ಹೊತ್ತಿಗೆ ಡಾಕ್ಟರು ಬಗ್ಗಿ ಎದೆ ಮುಟ್ಟಿ, ತಲೆ ಅಲ್ಲಾಡಿಸಿದರು.

ನಾನು ಔಷಧಿ ಹೊಡೆಯದಿದ್ದರೂ ಮಾದ ಅವತ್ತು ಸಾಯುತ್ತಿದ್ದ. ಆದರೆ ಅವಳ ತೊಡೆಯ ಮೇಲೆ ಸಾಯುತ್ತಿದ್ದ. ಕೈಲಾಗದವನ ಸಿಟ್ಟಿನಲ್ಲಿ ಅಷ್ಟನ್ನೂ ನಾನು ಕಿತ್ತುಕೊಂಡೆ.

ಬದುವಿನ ಪಕ್ಕ ಚಿಕ್ಕಪ್ಪನೂ ನಾನೂ ಗುಂಡಿ ತೋಡಿದೆವು. ಚಿಕ್ಕವ್ವ ಒಳಗೆ ಹೋಗಿ ಹುಳಕ್ಕೆ ಸೊಪ್ಪು ಹಾಕಿ, ಮತ್ತೆ ಬಂದು ಗೇಟಿನ ಒಳಗೇ ನಿಂತಳು. ಮಾದನನ್ನು ಗುಂಡಿಗೆ ಇಳಿಸಿ ಮೊದಲ ಸಲಿಕೆ ಮಣ್ಣು ಎತ್ತಿದಾಗ ಅಲ್ಲಿಂದಲೇ ಕೂಗಿದಳು.

“ಮಗಾ, ಅವ್ನ ಕಿವಿ ಒಳೀಕೆ ಮಣ್ ಹೋಗ್ದಂಗೆ ಏನಾರ ಮುಚ್ಚೋ.”

ನಾನು ಹೆಗಲ ಮೇಲಿನ ಟವೆಲನ್ನು ಮಾದನ ತಲೆಗೆ ಸುತ್ತಿದೆ. ಸರಿಯಾಗಿ ಸುತ್ತಿದೆನೋ ಇಲ್ಲವೋ ಎಂದು ಅವಳು ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಅಷ್ಟು ದೂರಕ್ಕೆ ಅವಳಿಗೆ ಕಾಣುತ್ತಿರಲಿಲ್ಲ.